ಬೆಳಗಾವಿ–ಬಾದಾಮಿ ಬಂಡಿದಾರಿ: ಟ್ಯೂಬೋ ಟ್ಯೂಬ್‌ಲೆಸ್ಸೋ, ಮೊಬೈಲೋ ಜಿಪಿಎಸ್ಸೋ

ಬೈಲಹೊಂಗಲ, ಸವದತ್ತಿ, ರಾಮದುರ್ಗದ ಮೇಲೆ ಬಾದಾಮಿಗೆ ಡಾಂಬರು ರಸ್ತೆ ಇದ್ದೇ ಇದೆ. ನಾನು ಎರಡು ಸಲ ಹೋದದ್ದು ಅದರ ಅಕ್ಕಪಕ್ಕದ ಬಂಡಿದಾರಿ, ಕಾಲುವೆ ದಂಡೆ, ಹೊಲದ ಬದುಗಳ ಮೇಲೆ, 29 ಇಂಚಿನ ಗಾಲಿಯ ಮೌಂಟನ್ ಬೈಕಿನಲ್ಲಿ. ಮೊದಲ ಸಲ ಡಿಸೆಂಬರ್: 2.1 ಇಂಚಿನ ಟೈರು, ಒಳಗೆ ಟ್ಯೂಬು, ಹ್ಯಾಂಡಲ್ ಮೇಲೆ ಮೊಬೈಲ್. ಎರಡನೆಯ ಸಲ ಜೂನ್ ಕೊನೆ: 2.4 ಇಂಚಿನ ಟ್ಯೂಬ್‌ಲೆಸ್, ಜೊತೆಗೆ ಗುಂಡಿಗಳಿರುವ ಸಣ್ಣ ಜಿಪಿಎಸ್ ಯಂತ್ರ. ಋತು, ಟೈರು, ಯಂತ್ರ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಅದು ಯಾವ ಸೀಮೆಯ ಹೋಲಿಕೆ ಎಂದು ಗೆಳೆಯರೊಬ್ಬರು ಕೇಳಿದರು. ಒಪ್ಪಿದೆ. ಆದರೆ ಮುಳ್ಳು ಎರಡೂ ಸಲ ಅದೇ ಇತ್ತು.

ಜಾಲಿಮುಳ್ಳು ಕಣ್ಣಿಗೆ ಕಾಣುತ್ತದೆ, ತಪ್ಪಿಸಿಕೊಳ್ಳಬಹುದು. ಮಣ್ಣಿನ ಬಣ್ಣದ್ದೇ ಆದ ನೆಗ್ಗಿಲು ಮುಳ್ಳು ಕಾಣುವುದಿಲ್ಲ. ಹೇಗೆ ಬಿದ್ದರೂ ಅದರ ಒಂದು ಮೊನೆ ಮೇಲಕ್ಕೇ ನಿಂತಿರುತ್ತದೆ. ಡಿಸೆಂಬರಿನಲ್ಲಿ ಸವದತ್ತಿ ತಲುಪುವಷ್ಟರಲ್ಲಿ ನಾಲ್ಕು ಪಂಕ್ಚರ್. ತಂದಿದ್ದ ಎರಡೂ ಟ್ಯೂಬುಗಳು ತೇಪೆಮಯವಾದವು. ದಾರಿಯ ಊರೊಂದರ ಸೈಕಲ್ ಅಂಗಡಿಯಲ್ಲಿ ಸಾಮಾನ್ಯ 28 ಇಂಚಿನ ಟ್ಯೂಬು ಸಿಕ್ಕಿತು. ತುರ್ತಿಗೆ ಅದನ್ನು 29ರ ಗಾಲಿಗೆ ಎಳೆದು ಕೂರಿಸಬಹುದು. ಆದರೆ ಅದರ ವಾಲ್ವ್ ದಪ್ಪ, ನನ್ನ ರಿಮ್ಮಿನ ತೂತು ತೆಳ್ಳಗಿನ ಪ್ರೆಸ್ಟಾ ವಾಲ್ವಿಗಾಗಿ ಕೊರೆದದ್ದು. ಅಂಗಡಿಯವರು ಕಬ್ಬಿಣ ಉಜ್ಜುವ ಅರ ತಂದು ತೂತನ್ನು ಹಿಗ್ಗಿಸಲು ಸಿದ್ಧರಾದರು. ನಾನು ಕೈಮುಗಿದು ಐದನೆಯ ತೇಪೆ ಹಾಕಿಸಿಕೊಂಡೆ.

ಜೂನಿನಲ್ಲಿ ಬೈಲಹೊಂಗಲ ದಾಟಿದ ಮೇಲೆ ಎರಡು ಕಡೆ ಟೈರಿನಿಂದ ಬಿಳಿಯ ಸೀಲೆಂಟ್, ಅಂದರೆ ತೂತು ಮುಚ್ಚಲೆಂದು ಒಳಗೆ ಸುರಿದಿರುವ ದ್ರವ, ಗುಳ್ಳೆಯಾಗಿ ಎದ್ದಿತು, ಗಾಲಿ ನಾಲ್ಕು ಸುತ್ತು ಸುತ್ತುವಷ್ಟರಲ್ಲಿ ತೂತು ಮುಚ್ಚಿಕೊಂಡಿತು. ನಾನು ಸೈಕಲ್ಲಿನಿಂದ ಇಳಿಯಲೂ ಇಲ್ಲ. ಟ್ಯೂಬಿದ್ದಾಗ ಅದು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಹರಿದೀತೆಂಬ ಭಯಕ್ಕೆ 35 ಪಿಎಸ್ಐ ಒತ್ತಡಕ್ಕೆ ಗಾಳಿ ತುಂಬುತ್ತಿದ್ದೆ. ಇಲ್ಲಿ ಮುಂದೆ 22, ಹಿಂದೆ 25. ಬೆಳಗಾವಿ ಕಡೆಯ ಕೆಂಪು ಜಲ್ಲಿ ನೆಲದಲ್ಲಿ ಅಂಗೈ ಜೋಮು ಹಿಡಿಯುವುದು ನಿಂತಿತು.

ಹಾಗೆಂದು ಕುಣಿಯಬೇಡಿ. ಬಾದಾಮಿಯ ಬಳಿ, ಮಹಾಕೂಟದ ಕಡೆಯ ಕಲ್ಲುದಾರಿಯಲ್ಲಿ ಒಡೆದ ಮರಳುಗಲ್ಲಿನ ಅಂಚು ಹಿಂದಿನ ಟೈರಿನ ಪಕ್ಕೆಯನ್ನು ಸೀಳಿತು. ಸೀಲೆಂಟ್ ನನ್ನ ಕಾಲಿಗೆಲ್ಲ ಚಿಮ್ಮಿತೇ ಹೊರತು ಸೀಳನ್ನು ಮುಚ್ಚಲಿಲ್ಲ. ಒಳಗಿನಿಂದ ಹಳೆಯ ಟೈರಿನ ತುಂಡು ಇಟ್ಟು, ಟ್ಯೂಬು ಹಾಕಿ ಗಾಳಿ ತುಂಬಿದೆ. ಹತ್ತು ನಿಮಿಷದಲ್ಲಿ ಚಪ್ಪಟೆ. ಅಷ್ಟು ದೂರ ಸೀಲೆಂಟ್ ಸುಮ್ಮನಿರಿಸಿದ್ದ ಮುಳ್ಳುಗಳೆಲ್ಲ ಟೈರಿನಲ್ಲೇ ಕುಳಿತಿದ್ದವು! ಮತ್ತೆ ಬಿಚ್ಚಿ, ಒಳಮೈ ಮೇಲೆ ಹತ್ತಿಬಟ್ಟೆ ಎಳೆದೆ. ಬಟ್ಟೆ ಸಿಕ್ಕಿಕೊಂಡಲ್ಲೆಲ್ಲ ಒಂದು ಮೊನೆ. ಚಿಮುಟದಿಂದ ಕಿತ್ತವು ಹದಿಮೂರು. ಟ್ಯೂಬ್‌ಲೆಸ್ ಹಾಕಿಸಿದವರು ಚಿಮುಟವನ್ನೂ ಒಯ್ಯಿರಿ, ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಸೀಲೆಂಟ್ ನಮ್ಮ ಬಿಸಿಲಿಗೆ ಬೇಗ ಒಣಗುತ್ತದೆ, ಎರಡು ತಿಂಗಳಿಗೊಮ್ಮೆ ಹೊಸದು ಸುರಿಯಬೇಕು. ಆ ಖರ್ಚು ಬೇರೆ.

ಇನ್ನು ಅಗಲದ ಮಾತು. ಅಗಲವಾದಷ್ಟೂ ಒಳ್ಳೆಯದೆಂಬ ನನ್ನ ನಂಬಿಕೆ ರಾಮದುರ್ಗದ ಈಚೆ ಅರ್ಧ ತಾಸಿನ ಮಳೆಗೆ ಕರಗಿತು. ಹಸಿ ಎರೆ ಮಣ್ಣು ಟೈರಿಗೆ ಅಂಟಿ, ಅದರ ಮೇಲೆ ಹುಲ್ಲು ಮೆತ್ತಿ, ಫೋರ್ಕಿನ ಸಂದಿಯಲ್ಲಿ ಗಟ್ಟಿಯಾಗಿ ಗಾಲಿ ತಿರುಗುವುದನ್ನೇ ಬಿಟ್ಟಿತು. 2.1ರ ಟೈರಿಗಾಗಿದ್ದರೆ ಪಕ್ಕದಲ್ಲಿ ಬೆರಳು ತೂರುವಷ್ಟಾದರೂ ಜಾಗ ಇರುತ್ತಿತ್ತು. ಸೈಕಲ್ಲನ್ನು ಹೆಗಲಿಗೇರಿಸಿ ಬದುವಿಗೆ ಬಂದಾಗ, ಕಳೆ ತೆಗೆಯುತ್ತಿದ್ದ ಅಜ್ಜಿ ಮಣ್ಣು ಕೆರೆಯಲು ತಮ್ಮ ಕುರ್ಚಿಗಿಯನ್ನೇ ಕೊಟ್ಟರು. ಅದಕ್ಕಿಂತ ಒಳ್ಳೆಯ ಉಪಕರಣ ಇದುವರೆಗೆ ಸಿಕ್ಕಿಲ್ಲ. ಈಗ 2.4 ಬಿಟ್ಟಿದ್ದೇನೆ: ಮುಂದಿನ ಗಾಲಿಗೆ 2.25, ಹಿಂದಿನದಕ್ಕೆ 2.1, ಎರಡೂ ಟ್ಯೂಬ್‌ಲೆಸ್, ಪಕ್ಕೆ ದಪ್ಪಗಿರುವಂಥವು. ಎರೆ ಹಸಿಯಾಗಿದ್ದರೆ ಯಾವ ಟೈರೂ ಬೇಡ, ಚಹಾ ಕುಡಿಯುತ್ತ ಕಾಯುತ್ತೇನೆ.

ದಾರಿಯ ವಿಷಯದಲ್ಲಿ ನನಗೆ ಅಷ್ಟು ಗೊಂದಲವಿಲ್ಲ. ನಕ್ಷೆಯನ್ನು ಮೊದಲೇ ಇಳಿಸಿಕೊಂಡರೆ ಮೊಬೈಲಿಗೆ ನೆಟ್‌ವರ್ಕ್ ಬೇಕಾಗಿಲ್ಲ, ಉಪಗ್ರಹದ ಸಂಕೇತ ಸಾಕು. ಆದರೆ ಪರದೆ ಸದಾ ಬೆಳಗುತ್ತಿದ್ದರೆ ಮಧ್ಯಾಹ್ನಕ್ಕೇ ಬ್ಯಾಟರಿ ಕೈಕೊಡುತ್ತದೆ, ಬಿಸಿಲಿಗೆ ಪರದೆ ಮಂಕಾಗುತ್ತದೆ. ಹ್ಯಾಂಡಲ್ಲಿನ ನಡುಕಕ್ಕೆ ನನ್ನ ಮೊಬೈಲಿನ ಕ್ಯಾಮೆರಾ ಫೋಕಸ್ ಮಾಡುವುದನ್ನೇ ಮರೆಯಿತು. ಜಿಪಿಎಸ್ ಯಂತ್ರ ದಿನವಿಡೀ ನಡೆಯಿತು, ಮಳೆಯಲ್ಲಿ ಒದ್ದೆ ಬೆರಳಿನಲ್ಲೂ ಗುಂಡಿ ಒತ್ತಲಾಯಿತು, ದಾರಿ ತಪ್ಪಿದೊಡನೆ ಕೀರಲು ದನಿ ತೆಗೆಯಿತು. ಅದರ ದೌರ್ಬಲ್ಯ ಒಂದೇ: ಬೆಂಕಿಪೊಟ್ಟಣದಷ್ಟು ಪರದೆಯಲ್ಲಿ ಈ ದಾರಿ ಮುಚ್ಚಿದ್ದರೆ ಬೇರೆ ಯಾವುದಿದೆ ಎಂದು ಹುಡುಕಲಾಗದು. ಆಗ ಚೀಲದಿಂದ ಮೊಬೈಲ್ ಹೊರಗೆ ಬರಬೇಕು. ಒಂದು ಆರಿಸಿಕೊಳ್ಳಿ ಎಂದರೆ ಯಂತ್ರ. ಹಣ ಇಲ್ಲವೆಂದರೆ ಮೊಬೈಲನ್ನು ಜೇಬಿನಲ್ಲಿಟ್ಟು, ಕವಲು ಬಂದಾಗ ಮಾತ್ರ ನೋಡಿ.

ಎರಡಕ್ಕೂ ತಿಳಿಯದ್ದು ಒಂದಿದೆ. ಡಿಸೆಂಬರಿನಲ್ಲಿ ನಾನು ದಾಖಲಿಸಿಕೊಂಡಿದ್ದ ಬಂಡಿದಾರಿಯನ್ನೇ ಜೂನಿನಲ್ಲಿ ಯಂತ್ರ ತೋರಿಸುತ್ತಿತ್ತು. ಮುಂದೆ ನೋಡಿದರೆ ಹೊಸದಾಗಿ ಬಿತ್ತಿದ ಹೆಸರುಕಾಳಿನ ಸಾಲು. ಹೊಲದವರನ್ನು ಕೇಳಿದೆ. ‘ಅದು ಸುಗ್ಗಿ ಮುಗಿದ ಮೇಲಿನ ದಾರಿ, ಈಗ ಹಳ್ಳದ ಗುಂಟ ಹೋಗಿ’ ಎಂದರು. ಎಷ್ಟು ದೂರ ಎಂದದ್ದಕ್ಕೆ ‘ಇಲ್ಲೇ’ ಎಂದರು. ಆರು ಕಿಲೋಮೀಟರ್ ಇತ್ತು.