ನಮ್ಮೂರ ಫಿಲ್ಟರ್ ನೀರಿನ ಘಟಕ: ನೀರಿಗೆ ಐದು ಸ್ಟಾರ್, ಸರ್ವಿಸ್‌ಗೆ ಎರಡು

ನಮ್ಮದು ಪಾವಗಡ ತಾಲೂಕು. ಊರಿನ ಘಟಕದಿಂದ ಮೂರು ವರ್ಷದಿಂದ ನೀರು ತರುತ್ತಿದ್ದೇನೆ. ಐದು ರೂಪಾಯಿ ಕಾಯಿನ್ ಹಾಕಿದರೆ 20 ಲೀಟರ್ ಕ್ಯಾನ್ ತುಂಬುತ್ತದೆ. ಬೋರ್‌ವೆಲ್ ನೀರಲ್ಲಿ ಎಷ್ಟು ಹೊತ್ತಾದರೂ ಬೇಯದ ತೊಗರಿಬೇಳೆ ಈ ನೀರಲ್ಲಿ ಬೇಗ ಬೇಯುತ್ತದೆ, ಪಾತ್ರೆ ತಳದಲ್ಲಿ ಬಿಳಿ ಪದರವೂ ಕಟ್ಟುವುದಿಲ್ಲ.

ನಮ್ಮ ಕಡೆ ಇದು ಸಣ್ಣ ವಿಷಯ ಅಲ್ಲ. ಇಲ್ಲಿನ ಬೋರ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ದಾಟಿದ ನೀರನ್ನೇ ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಬೀಳುತ್ತದೆ, ದೊಡ್ಡವರ ಕೀಲು, ಬೆನ್ನು ಬಿಗಿಯುತ್ತದೆ. ನೀರನ್ನು ಕುದಿಸಿದರೂ ಫ್ಲೋರೈಡ್ ಹೋಗುವುದಿಲ್ಲ. ನಮ್ಮಜ್ಜಿ ಕೊನೆಕೊನೆಗೆ ಬಗ್ಗಿ ಒಂದು ಚೊಂಬು ಎತ್ತಿಕೊಳ್ಳೋಕೂ ಆಗದೆ ಕಷ್ಟಪಟ್ಟರು.

ಇನ್ನು ಸರ್ವಿಸ್. ಕರೆಂಟ್ ಹೋದರೆ ಕಥೆ ಮುಗಿಯಿತು. ನೀರನ್ನು ಸೋಸೋದು ಮೆಂಬ್ರೇನ್, ಅಂದರೆ ಉಪ್ಪು, ಫ್ಲೋರೈಡನ್ನು ತಡೆಯುವ ತೆಳು ಪದರ. ಅದರೊಳಗೆ ನೀರನ್ನು ನೂಕೋದು ಪಂಪು, ಪಂಪಿಗೆ ಬೇಕಾದ್ದು ಕರೆಂಟ್. ಟ್ಯಾಂಕ್ ಚಿಕ್ಕದು, ಅರ್ಧ ಗಂಟೆಯಲ್ಲಿ ಖಾಲಿ. ಹೋದ ಬೇಸಿಗೆಯಲ್ಲಿ ಎರಡು ದಿನ ಸಾಲಲ್ಲಿ ಕ್ಯಾನ್ ಇಟ್ಟು ವಾಪಸ್ ಬಂದೆ, ಮನೆಯಲ್ಲಿ ಮಗು ಬೋರ್ ನೀರೇ ಕುಡಿಯಿತು. ಇದೇ ತಾಲೂಕಲ್ಲಿ 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ, ರೈತರು ಹೊಲವನ್ನೇ ಗುತ್ತಿಗೆಗೆ ಕೊಟ್ಟಿದ್ದಾರೆ. ಹೊಟ್ಟೆ ಉರಿಯುತ್ತದೆ.

ಕರೆಂಟ್, ನೀರು ಎರಡನ್ನೂ ಒಂದೇ ಕಡೆ ಮಾಡೋದು ಹೊಸದೇನಲ್ಲ. ತಮಿಳುನಾಡಿನ ಕಲ್ಪಾಕ್ಕಂನಲ್ಲಿ ಅಣು ವಿದ್ಯುತ್ ಸ್ಥಾವರದ ಹಬೆಯಿಂದ ಸಮುದ್ರದ ನೀರನ್ನು ಕಾಯಿಸಿ, ಆವಿ ಮಾಡಿ, ಸಿಹಿನೀರು ತೆಗೆಯುತ್ತಾರೆ. ಪಕ್ಕದಲ್ಲೇ ಮೆಂಬ್ರೇನ್ ಘಟಕವೂ ಇದೆ. ಎರಡೂ ಸೇರಿ ದಿನಕ್ಕೆ 63 ಲಕ್ಷ ಲೀಟರ್ ಸಾಮರ್ಥ್ಯ. ಸಮುದ್ರದ ಒಂದು ಲೀಟರ್ ನೀರಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ, ನಮ್ಮ ಬೋರ್ ನೀರು ಅದರ ಹತ್ತಿರಕ್ಕೂ ಬರಲ್ಲ. ಉಪ್ಪು ಕಡಿಮೆ ಇದ್ದಷ್ಟೂ ಪಂಪಿನ ಒತ್ತಡ ಕಡಿಮೆ ಸಾಕು, ಕರೆಂಟೂ ಕಡಿಮೆ ಸಾಕು. ಘಟಕದ ಚಾವಣಿ ಮೇಲೆ ನಾಲ್ಕು ಪ್ಯಾನೆಲ್ ಹಾಕಿ, ಬಿಸಿಲಿರುವಾಗ ಫಿಲ್ಟರ್ ಮಾಡಿ, ದೊಡ್ಡ ಟ್ಯಾಂಕಲ್ಲಿ ತುಂಬಿಟ್ಟರೆ ಆಯ್ತಲ್ವಾ? ನೀರನ್ನೇ ಕೂಡಿಡುವಾಗ ಬ್ಯಾಟರಿಯ ಖರ್ಚೂ ಇಲ್ಲ. ಇದನ್ನು ಗ್ರಾಮಸಭೆಯಲ್ಲಿ ಎರಡು ಸಲ ಕೇಳಿದ್ದೇನೆ, ಮುಂದಿನ ಸಭೆಯಲ್ಲೂ ಕೇಳುತ್ತೇನೆ.

ಮೆಂಬ್ರೇನ್ ಯಾವಾಗ ಬದಲಾಯಿಸಿದರು ಅಂತ ಬೋರ್ಡಲ್ಲಿ ಬರೆದಿಲ್ಲ, ಅದನ್ನಾದರೂ ಬರೆಯಲಿ. ಹೊಸದಾಗಿ ಊರಿಗೆ ಬಂದವರು ಬೆಳಗ್ಗೆ ಏಳರೊಳಗೆ ಕ್ಯಾನ್ ತನ್ನಿ, ಆಗ ಕರೆಂಟ್ ಇರುತ್ತದೆ, ಸಾಲೂ ಕಡಿಮೆ.