ಕರೀನ್ ಎಂಬ ಕ್ರಿಯಾಪದ, ಎಟಿಮಾನ್‌ಲೈನ್ ಎಂಬ ನಿಘಂಟು

ಕಾರವಾರದಲ್ಲಿ ಪಿಯು ಮಕ್ಕಳಿಗೆ ಇಂಗ್ಲಿಷ್ ಪಾಠ ಹೇಳುವವಳು ನಾನು. ಡಗ್ಲಸ್ ಹಾರ್ಪರ್ ಅವರ ಎಟಿಮಾನ್‌ಲೈನ್ ನನ್ನ ಮೊಬೈಲ್‌ನಲ್ಲಿ ಸದಾ ತೆರೆದಿರುತ್ತದೆ. ಇಂಗ್ಲಿಷ್ ಪದಗಳ ಹುಟ್ಟನ್ನು ಹೇಳುವ ಈ ಜಾಲತಾಣವನ್ನು ಓದಲು ಹಣ ಕೊಡಬೇಕಾಗಿಲ್ಲ. ಅದರ ಬೆಲೆ ತಿಳಿಯಲು ಒಂದು ಕ್ರಿಯಾಪದ ಸಾಕು.

ಇಂಗ್ಲಿಷ್ ಪತ್ರಿಕೆಯ ಅಪಘಾತ ಸುದ್ದಿಯೊಂದರಲ್ಲಿ ಲಾರಿ ‘ಕರೀನ್’ (careen) ಆಗುತ್ತ ಬಂದು ಕಂಬಕ್ಕೆ ಗುದ್ದಿತ್ತು. ಅಂಕೆ ತಪ್ಪಿ ನುಗ್ಗುವುದು ಎಂದು ಅರ್ಥ ಹೇಳಿ ಮುಂದೆ ಹೋಗಬಹುದಿತ್ತು. ಎಟಿಮಾನ್‌ಲೈನ್ ನಮ್ಮನ್ನು 1590ರ ದಶಕಕ್ಕೆ ಕರೆದೊಯ್ಯುತ್ತದೆ: ಅಡಿಭಾಗ ಕಾಣುವಂತೆ ಹಡಗನ್ನು ಮಗ್ಗುಲಿಗೆ ಮಲಗಿಸುವುದು. ಪದ ಫ್ರೆಂಚಿನಿಂದ ಬಂದದ್ದು. ಅಲ್ಲಿಗೆ ಇಟಲಿಯ ಜಿನೋವಾ ಕಡೆಯ ಮಾತಿನಿಂದ. ಅದರ ಹಿಂದೆ ಲ್ಯಾಟಿನ್‌ನ ಕರೀನಾ. ಹಡಗಿನ ತಳದ ಉದ್ದಕ್ಕೂ ಹಾಯುವ ಮುಖ್ಯ ಮರಕ್ಕೆ ಆ ಹೆಸರು, ಬಹುಶಃ ಅದಕ್ಕೂ ಮೊದಲು ಕಾಯಿಯ ಚಿಪ್ಪಿಗೆ. ನಮ್ಮ ಅಗಸ್ತ್ಯ ನಕ್ಷತ್ರವಿರುವ ತಾರಾಪುಂಜವೂ ಕರೀನಾ ಎಂದೇ ಹೆಸರಾಗಿದೆ.

ಇದನ್ನು ಓದಿ ಹೇಳಿದಾಗ ಬೈತಖೋಲ ಕಡೆಯ ಹುಡುಗಿಯೊಬ್ಬಳು ಎದ್ದುನಿಂತಳು. ‘ಮೇಡಂ, ನಮ್ಮ ಅಜ್ಜ ಮರದ ದೋಣಿಯನ್ನು ಹೀಗೇ ಮಲಗಿಸುತ್ತಿದ್ದರು’ ಎಂದಳು. ಉಳಿದದ್ದನ್ನು ತರಗತಿಗೆ ಅವಳೇ ವಿವರಿಸಿದಳು: ತಳಕ್ಕೆ ಕಚ್ಚಿಕೊಂಡ ಚಿಪ್ಪುಗಳು ಒಣಗಿದ ಮೇಲೆ ಅಂಗೈ ಕೊಯ್ಯುವಷ್ಟು ಚೂಪಾಗಿರುತ್ತವೆ, ಅವನ್ನು ಕೆರೆದು ತೆಗೆದು ಹಲಗೆಗಳ ಸಂದಿಗೆ ಹತ್ತಿ ತುರುಕಿ ಎಣ್ಣೆ ಹಚ್ಚುತ್ತಾರೆ, ಒಂದು ಮಗ್ಗುಲು ಮುಗಿದರೆ ಇನ್ನೊಂದು. ಈಗ ಫೈಬರ್ ದೋಣಿಗಳೇ ಹೆಚ್ಚು. ಆದರೂ ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ದಿನಗಳಲ್ಲಿ ದಡದ ಮೇಲೆ ಇಂಥ ಕೆಲಸ ನೋಡದೆ ಬೆಳೆದ ಮಕ್ಕಳು ಇಲ್ಲಿ ಕಡಿಮೆ.

ಯುರೋಪಿನ ನಾವಿಕರು ದೂರದ ಸಮುದ್ರಗಳಲ್ಲಿ ಮಾಡುತ್ತಿದ್ದದ್ದೂ ಇದನ್ನೇ. ಅಲೆಯಿಲ್ಲದ ಕೊಲ್ಲಿ ಹುಡುಕಿ, ಫಿರಂಗಿ ಮತ್ತು ಸರಕು ಇಳಿಸಿ, ಹಾಯಿಕಂಬಕ್ಕೆ ಹಗ್ಗ ಕಟ್ಟಿ ಹಡಗನ್ನು ವಾಲಿಸುತ್ತಿದ್ದರು. 1761ರಲ್ಲಿ ಬ್ರಿಟನ್ನಿನ ನೌಕಾಪಡೆ ಅಲಾರ್ಮ್ ಎಂಬ ಹಡಗಿನ ತಳಕ್ಕೆ ತಾಮ್ರದ ತಗಡು ಹೊಡೆಸಿತು. ಚಿಪ್ಪುಗಳು ಕಚ್ಚಿಕೊಳ್ಳುವುದನ್ನು ತಡೆಯುವ ಆ ಪದ್ಧತಿ ಹಬ್ಬಿದಂತೆ ಈ ಶ್ರಮ ತಗ್ಗಿತು.

ಹಾಗಿದ್ದರೆ ನುಗ್ಗುವ ಅರ್ಥ ಎಲ್ಲಿಂದ? ಓಟದ ವೇಗವನ್ನು ಹೇಳುವ ‘ಕರಿಯರ್’ (career) ಎಂಬ ಕ್ರಿಯಾಪದದೊಂದಿಗೆ ಕಲಸಿಹೋದದ್ದರಿಂದ, ಕನಿಷ್ಠ 1923ರಿಂದ, ಎನ್ನುತ್ತದೆ ನಿಘಂಟು. ತಪ್ಪು ಎಂದು ಗದರಿಸುವುದಿಲ್ಲ, ಇಸವಿ ಕೊಟ್ಟು ಸುಮ್ಮನಾಗುತ್ತದೆ. ಈ ಸಂಯಮ ನನಗೆ ಬಹಳ ಇಷ್ಟ.

ಆದರೆ ಪದಮೂಲವೇ ಅರ್ಥವಲ್ಲ ಎಂದು ತಾಣವೇ ಎಚ್ಚರಿಸುತ್ತದೆ. ಪದವನ್ನು ಇಂದು ಹೇಗೆ ಬಳಸಬೇಕೆಂದು ತಿಳಿಯಲು ಬೇರೆ ನಿಘಂಟು ಪಕ್ಕದಲ್ಲಿರಲೇಬೇಕು. ವಿವರಣೆ ಕನ್ನಡದಲ್ಲಿಲ್ಲ, ‘ಪಿಐಇ’ಯಂಥ ಸಂಕ್ಷೇಪಗಳು ಹೊಸಬರಿಗೆ ಕಗ್ಗಂಟು. ಪಿಐಇ ಅಂದರೆ ಮೂಲ ಇಂಡೋ-ಯುರೋಪಿಯನ್ ಭಾಷೆ ಎಂದು ಮೊದಲೇ ಹೇಳಿಕೊಟ್ಟರೆ ಪಿಯು ಮಕ್ಕಳು ತಾವೇ ಓದಿಕೊಳ್ಳುತ್ತಾರೆ. ಅದಕ್ಕಿಂತ ಚಿಕ್ಕ ತರಗತಿಗಳಲ್ಲಿ ಶಿಕ್ಷಕರು ಓದಿ ಕನ್ನಡದಲ್ಲಿ ಹೇಳುವುದು ಒಳ್ಳೆಯದು.