ಸಾಲ್ಮನ್‌ಗಾಗಿ ಹೊಳೆದಂಡೆ: ಅವಧಿ ಕರಾರೋ, ಶಾಶ್ವತ ಕರಾರೋ?

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಸಾಲ್ಮನ್ ಮೀನು ಬರುವ ಹೊಳೆಯ ಪಕ್ಕ ಜಮೀನಿರುವ ರೈತರಿಗೆ ಮುಖ್ಯವಾಗಿ ಎರಡು ದಾರಿಗಳಿವೆ.

ಒಂದು, 1998ರಲ್ಲಿ ಅಲ್ಲಿ ಶುರುವಾದ ‘ಕ್ರೆಪ್’ (CREP) ಯೋಜನೆ, ಅಂದರೆ ಹೊಳೆದಂಡೆಯನ್ನು ಬೇಸಾಯದಿಂದ ಬಿಡಿಸಿ ಗಿಡಮರ ಬೆಳೆಸುವ ಸರ್ಕಾರಿ ಯೋಜನೆ. 10ರಿಂದ 15 ವರ್ಷದ ಕರಾರು. ದಂಡೆಗುಂಟ ಬಿಟ್ಟ ನೆಲದ ಪಟ್ಟಿಯಲ್ಲಿ ಉಳುಮೆಯಿಲ್ಲ, ದನ ಮೇಯಿಸುವಂತಿಲ್ಲ. ಬದಲಿಗೆ ವರ್ಷವರ್ಷ ಬಾಡಿಗೆ ಬರುತ್ತದೆ. ಸಸಿ, ಬೇಲಿ, ದನಗಳಿಗೆ ಬೇರೆಡೆ ನೀರಿನ ತೊಟ್ಟಿ, ಇವುಗಳ ಖರ್ಚನ್ನು ಬಹುಮಟ್ಟಿಗೆ ಸರ್ಕಾರವೇ ಹೊರುತ್ತದೆ. ಮೊದಲ ಕೆಲವು ವರ್ಷ ಕಳೆ ತೆಗೆಯಲೂ ನೆರವುಂಟು. ಇದು ಸಣ್ಣ ಮಾತಲ್ಲ. ರೀಡ್ ಕ್ಯಾನರಿ ಹುಲ್ಲೋ ಹಿಮಾಲಯನ್ ಬ್ಲ್ಯಾಕ್‌ಬೆರಿಯೋ ನುಗ್ಗಿದರೆ ಎಳೆಯ ಸೀಡರ್ ಸಸಿಗಳಿಗೆ ಬೆಳಕೇ ಸಿಗುವುದಿಲ್ಲ.

ಇನ್ನೊಂದು, ಶಾಶ್ವತ ಸಂರಕ್ಷಣಾ ಕರಾರು. ಹಣ ಸಾಮಾನ್ಯವಾಗಿ ಒಂದೇ ಸಲ. ಜಮೀನು ನಿಮ್ಮದೇ, ಆದರೆ ಅದರ ಬಳಕೆಯ ಮೇಲಿನ ನಿರ್ಬಂಧ ಮಕ್ಕಳಿಗೂ, ಮುಂದೆ ಕೊಂಡವರಿಗೂ ಅನ್ವಯಿಸುತ್ತದೆ.

ಮೀನಿನ ಕಡೆಯಿಂದ ನೋಡಿದರೆ ಎರಡನೆಯದೇ ಮೇಲು. ನೀರನ್ನು ತಂಪಾಗಿಡುವ ದಟ್ಟ ನೆರಳಿಗೆ, ದೊಡ್ಡ ಮರ ಉರುಳಿ ಮರಿಮೀನುಗಳಿಗೆ ಮಡು ಏರ್ಪಡುವುದಕ್ಕೆ ದಶಕಗಳೇ ಬೇಕು. 15 ವರ್ಷಕ್ಕೆ ಸೀಡರ್ ಇನ್ನೂ ಎಳೆಯದು. ಆದರೂ ಮಕ್ಕಳು ಬೇಸಾಯ ಮುಂದುವರಿಸುತ್ತಾರೋ ಇಲ್ಲವೋ ತಿಳಿಯದ ಮನೆಯವರಿಗೆ ನಾನು ಮೊದಲು ಕ್ರೆಪ್ ಅನ್ನೇ ಹೇಳುತ್ತೇನೆ. ಸಹಿಗೆ ಮುಂಚೆ ಸ್ಥಳೀಯ ಕನ್ಸರ್ವೇಶನ್ ಡಿಸ್ಟ್ರಿಕ್ಟ್‌ನವರೊಂದಿಗೆ (ನೆಲ-ನೀರಿನ ಸಂರಕ್ಷಣೆಗೆ ರೈತರಿಗೆ ನೆರವಾಗುವ ಸಂಸ್ಥೆ) ದಂಡೆಯುದ್ದಕ್ಕೂ ನಡೆದು, ಪಟ್ಟಿ ಎಲ್ಲಿಯವರೆಗೆ ಎಂದು ಗೂಟ ಹೊಡೆಸಿ ನೋಡಿ.